ಪಾಠಕ್ಕಿಂತ ಮೊದಲು ದ್ರಾಕ್ಷಿಯ ಲೆಕ್ಕ

ಪತ್ರ: ಶೇಕಡಾ ಪಾಠ ಮುಗಿಸಿ, ಎಂಟನೆಯ ತರಗತಿಯ ಮಕ್ಕಳನ್ನು ಗುಂಪು ಮಾಡಿ ಐದು ಸಮಸ್ಯೆ ಕೊಟ್ಟೆ. ಗುಂಪಿಗೊಬ್ಬರು ಬಿಡಿಸಿದರು, ಉಳಿದವರು ನೋಡಿ ಬರೆದುಕೊಂಡರು. ಎರಡು ಪೀರಿಯಡ್ ಹೋದವು. ಸಮಸ್ಯೆ ಆಧಾರಿತ ಕಲಿಕೆ ನಮ್ಮಂಥ ಶಾಲೆಗಳಿಗೆ ಒಗ್ಗುತ್ತದೆಯೇ?
– ಗಣಿತ ಶಿಕ್ಷಕರು, ತಿಕೋಟಾ ತಾಲ್ಲೂಕು, ವಿಜಯಪುರ

ಮಾನ್ಯ ಗುರುಗಳೇ,

ತೊಡಕು ನಿಮ್ಮ ಮೊದಲ ವಾಕ್ಯದಲ್ಲಿಯೇ ಇದೆ. ಪಾಠ ಮುಗಿದ ಮೇಲೆ ಕೊಟ್ಟದ್ದು ಅಭ್ಯಾಸದ ಲೆಕ್ಕವಾಗುತ್ತದೆ. ಅದೂ ಬೇಕಾದದ್ದೇ, ಆದರೆ ಸೂತ್ರ ಬಲ್ಲ ಒಬ್ಬನು ಬಿಡಿಸಿದ ಮೇಲೆ ಉಳಿದವರು ಚರ್ಚಿಸುವುದಾದರೂ ಏನನ್ನು? 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಸಮಸ್ಯೆ ಆಧಾರಿತ ಕಲಿಕೆಯ ಪದ್ಧತಿ ಆರಂಭವಾದಾಗ, ರೋಗಿಯ ತೊಂದರೆಯನ್ನು ಸಣ್ಣ ಗುಂಪಿನ ಮುಂದೆ ಮೊದಲು ಇಟ್ಟು, ತಮಗೆ ತಿಳಿಯದಿರುವುದು ಏನೆಂಬುದನ್ನು ವಿದ್ಯಾರ್ಥಿಗಳೇ ಗುರುತಿಸಿ, ಓದಿಕೊಂಡು ಬಂದು ಮತ್ತೆ ಚರ್ಚಿಸುವ ಕ್ರಮವಿತ್ತು.

ನಿಮ್ಮ ತಾಲ್ಲೂಕಿನಲ್ಲಿ ಸಮಸ್ಯೆಗಾಗಿ ದೂರ ಹೋಗಬೇಕಿಲ್ಲ. ಹಸಿ ದ್ರಾಕ್ಷಿಯಲ್ಲಿ ಶೇ 80, ಒಣದ್ರಾಕ್ಷಿಯಲ್ಲಿ ಶೇ 15 ನೀರಿದೆ ಎಂದಿಟ್ಟುಕೊಂಡರೆ, 100 ಕಿಲೋ ಹಣ್ಣಿಗೆ ಎಷ್ಟು ಒಣದ್ರಾಕ್ಷಿ ಬಂದೀತು? ಬಹಳಷ್ಟು ಮಕ್ಕಳು 80ರಲ್ಲಿ 15 ಕಳೆದು, 65 ಕಿಲೋ ನೀರು ಹೋಗಿ 35 ಕಿಲೋ ಉಳಿಯಿತೆನ್ನುತ್ತಾರೆ. (ಈ ಸಂಪಾದಕನೂ ಮೊದಲ ಸಲ ಹಾಗೆಯೇ ಕಳೆದಿದ್ದ.) ನಾಲ್ಕು ಕಿಲೋಗೆ ಒಂದು ಕಿಲೋ ಎಂಬ ಮಾತನ್ನು ಕೇಳುತ್ತಲೇ ಬೆಳೆದ, ತೋಟದ ಮನೆಯ ಹುಡುಗಿ ಆಗ ಸುಮ್ಮನಿರಲಾರಳು. ಆ ತಕರಾರು ಬೆಳೆಯಲಿ. ಹಣ್ಣಿನಲ್ಲಿ ನೀರಲ್ಲದ ಭಾಗ 20 ಕಿಲೋ, ಒಣಗಿದರೂ ಅದು ಅಷ್ಟೇ, ಒಣದ್ರಾಕ್ಷಿಯಲ್ಲಿ ಅದೇ ಶೇ 85 ಆಗಿದೆ ಎಂಬಲ್ಲಿಗೆ ಅವರು ಬಂದರೆ ಸುಮಾರು 23.5 ಕಿಲೋ ಎಂಬ ಉತ್ತರ ತಾನಾಗಿ ಸಿಗುತ್ತದೆ. ಶೇಕಡಾ ಎಂದರೆ ‘ಯಾವುದರ’ ಶೇಕಡಾ ಎಂದು ಮಕ್ಕಳು ಕೇಳತೊಡಗಿದಾಗ ನೀವು ಕರಿಹಲಗೆಯ ಬಳಿ ಹೋಗಿ ಪಾಠ ಆರಂಭಿಸಿರಿ.

ನೋಡಿ ಬರೆಯುವುದನ್ನು ತಪ್ಪಿಸಲು, ಗುಂಪು ಸೇರುವ ಮೊದಲೇ ಪ್ರತಿಯೊಬ್ಬರೂ ತಮ್ಮ ಅಂದಾಜನ್ನು ಬರೆದಿಡಲಿ. ಕೊನೆಗೆ ಯಾರು ವಿವರಿಸಬೇಕೆಂಬುದನ್ನು ನೀವೇ ಹೇಳಿರಿ.

ಪೋರ್ಷನ್ ಪೂರ್ತಿ ಹೀಗೆ ಕಲಿಸಲು ಹೊರಡುವುದು ಬೇಡ, ವರ್ಷಕ್ಕೆ ಎರಡು ಮೂರು ಘಟಕ ಸಾಕು. ಮಾರ್ಗದರ್ಶನ ಕಡಿಮೆಯಾದರೆ ಹೊಸ ಕಲಿಕೆಗಾರರು ದಾರಿ ತಪ್ಪುತ್ತಾರೆ ಎಂದು ಶಿಕ್ಷಣ ಮನಶ್ಶಾಸ್ತ್ರಜ್ಞರಾದ ಕಿರ್ಷ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ ಎತ್ತಿದ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾದರೆ, ವಿಜಯಪುರದ ಹಳೆಯ ಕೆರೆ ಬೇಗಂ ತಾಲಾಬಿನ ನೀರನ್ನು ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ತಂದವರು ನಡುನಡುವೆ ಗೋಪುರಗಳನ್ನು ಏಕೆ ಕಟ್ಟಿದರು ಎಂದು ಕೇಳಿ ಒಂದು ವಾರ ಬಿಟ್ಟುಬಿಡಬಹುದು. ಎಂಟನೆಯ ತರಗತಿಯವರ ಬಳಿ ನೀವು ಓಡಾಡುತ್ತಲೇ ಇರಬೇಕು.

ಬರುವ ಸುಗ್ಗಿಯಲ್ಲಿ ಮಕ್ಕಳಿಂದಲೇ ಒಂದು ಕಿಲೋ ಹಣ್ಣು ಒಣಗಿಸಿ ತೂಗಿಸಿರಿ. ಬಂದ ತೂಕವನ್ನು ನಮಗೂ ಬರೆಯಿರಿ.

– ಸಂಪಾದಕ