ಪಂಪ್ ಸರಿ ಮಾಡಿಕೊಟ್ಟ ಪಕ್ಕದ ಮನೆಯವರಿಗೆ ಏನು ಕೊಡಬಹುದು?

ಬಾವಿ ಪಂಪ್ ರಿಪೇರಿ ಮಾಡಿ, ಒಡೆದ ಹಂಚನ್ನೂ ಬದಲಿಸಿದವರು ದುಡ್ಡು ಬೇಡ ಅಂದಿದ್ದಾರಲ್ವಾ, ಮತ್ತೆ ಲಕೋಟೆಯಲ್ಲಿ ಹಾಕಿ ಕೊಡಬೇಡಿ. ಬೇಜಾರು ಮಾಡಿಕೊಳ್ಳುತ್ತಾರೆ.

ಕೆಲಸದ ಹೊತ್ತಿನಲ್ಲಿ ಅವರ ಸಾಮಾನು ನೋಡಿರುತ್ತೀರಿ. ಟೆಸ್ಟರ್ ಸವೆದಿತ್ತಾ? ಕಟಿಂಗ್ ಪ್ಲೇಯರ್ ಸಡಿಲಾಗಿತ್ತಾ? ಅದೇ ಸುಳಿವು. ಟಪಾರಿಯಾ ಥರದ ಒಳ್ಳೆ ಕಂಪನಿಯದ್ದು ಒಂದೇ ಸಾಕು. ಅಗ್ಗದ ದೊಡ್ಡ ಸೆಟ್ ಸುಮ್ನೆ ಅಟ್ಟ ಸೇರುತ್ತದೆ. ನಮ್ಮ ಶಿರಸಿ ಮಳೆಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಗಟ್ಟಿ ಮುಚ್ಚಳದ ಡಬ್ಬಿಯೂ ಜೊತೆಗಿರಲಿ.

ಸಾಮಾನೆಲ್ಲ ಇದೆಯಾ? ಹಾಗಾದರೆ ತಿನ್ನುವಂಥದ್ದು ಕೊಡುವುದೇ ಒಳ್ಳೇದು. ಅಪ್ಪೆಮಿಡಿ ಉಪ್ಪಿನಕಾಯಿ ಬೇಡ, ಅವರಲ್ಲೇ ಭರಣಿ ತುಂಬ ಇರುತ್ತದೆ! ಮೇ ತಿಂಗಳಾದರೆ ಅಂಕೋಲಾದ ಕರಿ ಇಶಾಡು ಮಾವು ತನ್ನಿ, 2023ರಲ್ಲಿ ಜಿಐ (ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು) ಸಿಕ್ಕಿದ್ದು. ಸಿಪ್ಪೆ ತೆಳು, ಜಾಸ್ತಿ ದಿನ ಇರುವುದಿಲ್ಲ. ತಂದ ದಿನವೇ ಮುಟ್ಟಿಸಿ.