ಹೊನ್ನಿಕೇರಿಯ ಕೆಂಪು ನೆಲದ ನೀಲಿ ಹೂವು: ಗುರುತಿಸುವುದು ಹೇಗೆ, ಬೆಳೆಸುವುದು ಹೇಗೆ?

ಬೀದರ್ ಸಮೀಪದ ಹೊನ್ನಿಕೇರಿಯ ಕಡೆ ಜಂಬಿಟ್ಟಿಗೆ ನೆಲದಲ್ಲಿ ಕಂಡ, ಬೆರಳಿನ ಉಗುರಿಗಿಂತ ಚಿಕ್ಕದಾದ ನೀಲಿ ಹೂವಿನ ಗಿಡ ಯಾವುದು, ನರ್ಸರಿಯವರು ಹೇಳಿದಂತೆ ಅದು ಶಂಖಪುಷ್ಪವೇ, ಅದನ್ನು ಕಿತ್ತು ತಂದು ಕುಂಡದಲ್ಲಿ ಬೆಳೆಸಬಹುದೇ ಎಂದು ಕೇಳಿದ್ದೀರಿ. ನೆಲಕ್ಕೆ ಒರಗಿದ ತಂತಿಯಂಥ ಕಾಂಡ, ನವಿರಾದ ರೋಮದ ಪುಟ್ಟ ಎಲೆ, ಮಧ್ಯಾಹ್ನದ ಹೊತ್ತಿಗೆ ಮುದುಡುವ ಹೂವು ಎಂಬ ನಿಮ್ಮ ವಿವರಣೆ ವಿಷ್ಣುಕ್ರಾಂತಿಗೆ, ಅಂದರೆ ಎವಾಲ್ವುಲಸ್ ಆಲ್ಸಿನಾಯ್ಡಿಸ್ ಎಂಬ ಬಹುವಾರ್ಷಿಕ ಸಸ್ಯಕ್ಕೆ ಸರಿಯಾಗಿ ಹೊಂದುತ್ತದೆ.

ನರ್ಸರಿಯವರದು ಪೂರ್ತಿ ತಪ್ಪೆಂದು ಹೇಳಲಾರೆ. ಗಿಡಮೂಲಿಕೆಯ ವ್ಯಾಪಾರದಲ್ಲಿ ಶಂಖಪುಷ್ಪಿ ಎಂಬ ಒಂದೇ ಹೆಸರಿನಡಿ ವಿಷ್ಣುಕ್ರಾಂತಿಯೂ ಕಾನ್ವಾಲ್ವುಲಸ್ ಜಾತಿಯ ಇನ್ನೊಂದು ಗಿಡವೂ ಬೇಲಿಗೆ ಹಬ್ಬುವ ಶಂಖಪುಷ್ಪದ ಬಳ್ಳಿಯೂ ಓಡಾಡುತ್ತವೆ. ಬಳ್ಳಿಯನ್ನು ಬೇರ್ಪಡಿಸುವುದು ಸುಲಭ, ಅದರ ಹೂವು ಅವರೆಯ ಕುಟುಂಬದ್ದು. ಉಳಿದೆರಡನ್ನು ಬೇರ್ಪಡಿಸಲು ಒಂದು ಭೂತಗನ್ನಡಿ ಬೇಕು. ಬೆಳಗ್ಗೆ ಎಂಟು ಗಂಟೆಯ ಸುಮಾರಿಗೆ ಅರಳಿದ ವಿಷ್ಣುಕ್ರಾಂತಿಯ ಹೂವಿನ ನಡುವಿನ ಬಿಳಿ ಭಾಗವನ್ನು ನೋಡಿದರೆ, ಕೇಸರಗಳ ನಡುವೆ ಎರಡು ಶಲಾಕೆಗಳು, ಅಂದರೆ ಹೂವಿನ ಹೆಣ್ಣು ಭಾಗದ ಎಳೆಗಳು ಎದ್ದು, ಪ್ರತಿಯೊಂದೂ ಮತ್ತೆ ಎರಡಾಗಿ ಸೀಳಿ, ಒಟ್ಟು ನಾಲ್ಕು ನೂಲಿನ ತುದಿಗಳು ಕಾಣಿಸುತ್ತವೆ. ಕಾನ್ವಾಲ್ವುಲಸ್‌ನಲ್ಲಿ ಶಲಾಕೆ ಒಂದೇ, ತುದಿ ಎರಡು. ಸಸ್ಯಗಳಿಗೆ ಶಾಸ್ತ್ರೀಯ ಹೆಸರಿಟ್ಟ ವಿಜ್ಞಾನಿ ಲಿನೇಯಸ್ ಕೂಡ ವಿಷ್ಣುಕ್ರಾಂತಿಯನ್ನು 1753ರಲ್ಲಿ ಕಾನ್ವಾಲ್ವುಲಸ್‌ಗೆ ಸೇರಿಸಿ, 1762ರಲ್ಲಿ ಎವಾಲ್ವುಲಸ್‌ಗೆ ಸ್ಥಳಾಂತರಿಸಿದನಾದ್ದರಿಂದ ನಮ್ಮ ಗೊಂದಲಕ್ಕೆ ನಾಚಬೇಕಾಗಿಲ್ಲ. ಎವಾಲ್ವುಲಸ್ ಎಂದರೆ ಸುರುಳಿ ಬಿಚ್ಚಿಕೊಂಡದ್ದು. ಹಂಬಿನ ಕುಟುಂಬದಲ್ಲಿ ಹುಟ್ಟಿಯೂ ಇದು ಯಾವುದಕ್ಕೂ ಸುತ್ತಿಕೊಳ್ಳುವುದಿಲ್ಲ. ನರ್ಸರಿಗಳಲ್ಲಿ ಬ್ಲೂ ಡೇಜ್ ಎಂದು ಮಾರುವುದು ಬ್ರೆಜಿಲ್ ಮೂಲದ ಇದರ ದೊಡ್ಡ ಹೂವಿನ ದಾಯಾದಿ, ಅದನ್ನು ಇದೆಂದು ತಿಳಿದು ಕೊಳ್ಳಬೇಡಿ.

ಕಿತ್ತು ತರುವ ಯೋಚನೆಯನ್ನು ದಯವಿಟ್ಟು ಬಿಡಿ. ಹೊನ್ನಿಕೇರಿಯಂಥ ಮೀಸಲು ಅರಣ್ಯದಲ್ಲಿ ಅದು ಅಪರಾಧ ಎಂಬುದು ಒಂದು ಮಾತಾದರೆ, ಆ ಗಿಡ ಬದುಕುವುದಿಲ್ಲ ಎಂಬುದು ಇನ್ನೊಂದು. ನಾನೇ ಒಮ್ಮೆ ನಮ್ಮ ಹೊಲದ ಬದುವಿನಿಂದ ಒಂದನ್ನು ಎಬ್ಬಿಸಲು ಹೋಗಿ, ಮೇಲೆ ಗೇಣುದ್ದವೂ ಇಲ್ಲದ ಗಿಡದ ಕಟ್ಟಿಗೆಯಂಥ ಬೇರು ಕಲ್ಲುಗಳ ಸಂದಿನಲ್ಲಿ ಇಳಿದದ್ದನ್ನು ಕಾಣದೆ ಅರ್ಧಕ್ಕೇ ಮುರಿದೆ. ಅಷ್ಟು ಸಾಲದೆಂಬಂತೆ ಎರೆಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿ ನೆಟ್ಟು ದಿನವೂ ನೀರೆರೆದೆ. ಹತ್ತು ದಿನದಲ್ಲಿ ಬುಡ ಕಪ್ಪಾಗಿ ಕೊಳೆಯಿತು. ಗಿಡವನ್ನು ಕೊಂದದ್ದು ನನ್ನ ಉಪಚಾರ.

ಬದಲಿಗೆ ರಸ್ತೆಯಂಚಿನ ಅಥವಾ ನಿಮ್ಮದೇ ಹೊಲದ ಗಿಡಗಳಲ್ಲಿ, ಎಲೆಯ ಕಂಕುಳಿನಿಂದ ಕೆಳಗೆ ಬಾಗಿರುವ ಒಣಗಿದ ಗುಂಡು ಕಾಯಿಗಳನ್ನು ಆರಿಸಿಕೊಳ್ಳಿ. ಒಂದೊಂದರಲ್ಲಿ ಹೆಚ್ಚೆಂದರೆ ನಾಲ್ಕು ಬೀಜಗಳಿರುತ್ತವೆ. ಸಿಪ್ಪೆ ಗಟ್ಟಿಯಾದ್ದರಿಂದ ಉಪ್ಪುಕಾಗದದ ಮೇಲೆ ಮೆಲ್ಲಗೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮಿರಗದ ಮಳೆಯ (ಜೂನ್ ತಿಂಗಳ ಮೊದಲ ಮಳೆಯ) ಹೊತ್ತಿಗೆ ಬಿತ್ತಿರಿ. ಉಜ್ಜದೆ ಬಿತ್ತಿದ ನನ್ನ ಬೀಜಗಳಲ್ಲಿ ಹೆಚ್ಚಿನವು ಮೊಳೆಯಲೇ ಇಲ್ಲ. ಕುಂಡ ಅಗಲಕ್ಕಿಂತ ಆಳವಾಗಿರಲಿ, ತಳದಲ್ಲಿ ರಂಧ್ರವಿರಲಿ. ಎರಡು ಪಾಲು ಜಂಬಿಟ್ಟಿಗೆಯ ಗರಸಿಗೆ ಒಂದು ಪಾಲು ಮರಳು ಹಾಗೂ ಒಂದು ಹಿಡಿ ಹಳೆಯ ಎಲೆಗೊಬ್ಬರ ಸಾಕು. ದಿನವಿಡೀ ಬಿಸಿಲು ಬೀಳುವಲ್ಲಿ ಇಟ್ಟು, ಮೇಲಿನ ಒಂದಂಗುಲ ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿರಿ.

ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ಕಾಂಡವೆಲ್ಲ ಒಣಗಿ ಸತ್ತಂತೆ ಕಾಣಬಹುದು. ಆಗ ಕುಂಡವನ್ನು ಖಾಲಿ ಮಾಡಬೇಡಿ. ಬೇರು ಜೀವಂತವಿದ್ದರೆ ಮೊದಲ ಮಳೆಯ ನಂತರ ಬುಡದಲ್ಲೇ ಹೊಸ ಚಿಗುರು ಕಾಣಿಸುತ್ತದೆ.