ಬಿಸಿಲೇ ಇಲ್ಲದ ಲ್ಯಾಬ್‌ನಲ್ಲಿ ಸೋಲಾರ್ ರೇಡಿಯೇಷನ್ ಸೆನ್ಸರ್ ಹೇಗೆ ಕ್ಯಾಲಿಬ್ರೇಟ್ ಮಾಡ್ತಾರೆ?

ಇನ್ನೊಂದು ಸೆನ್ಸರ್ ಜೊತೆ ಹೋಲಿಸಿ ಮಾಡ್ತಾರೆ. ಲೆಕ್ಕ ಪಕ್ಕಾ ಗೊತ್ತಿರೋ ಒಂದು ರೆಫರೆನ್ಸ್ ಪೈರನೋಮೀಟರ್ (ಗಾಜಿನ ಗುಮ್ಮಟ ಇರೋ, ಬಿಸಿಲು ಅಳೆಯೋ ಸೆನ್ಸರ್) ಪಕ್ಕ ನಿಮ್ಮದನ್ನಿಟ್ಟು, ಎರಡರ ಮೇಲೂ ಒಂದೇ ಲ್ಯಾಂಪ್ ಬೆಳಕು ಬಿಟ್ಟು, ಬರೋ ವೋಲ್ಟೇಜ್‌ಗಳ ಅನುಪಾತ ತಗೋತಾರೆ. ಲ್ಯಾಂಪ್ ನಿಜಕ್ಕೂ ಎಷ್ಟು ವ್ಯಾಟ್ ಕೊಡ್ತಿದೆ ಅಂತ ಗೊತ್ತಿರಬೇಕಾಗೇ ಇಲ್ಲ, ಎರಡೂ ನೋಡ್ತಿರೋದು ಅದೇ ಬೆಳಕು ತಾನೇ, ರೆಫರೆನ್ಸ್‌ನ ಸೆನ್ಸಿಟಿವಿಟಿನ (ಚದರ ಮೀಟರ್‌ಗೆ 1 ವ್ಯಾಟ್ ಬಿದ್ರೆ ಎಷ್ಟು ಮೈಕ್ರೋವೋಲ್ಟ್ ಬರುತ್ತೆ ಅನ್ನೋದು) ಆ ಅನುಪಾತದಿಂದ ಗುಣಿಸಿದ್ರೆ ನಿಮ್ಮದು ಸಿಗುತ್ತೆ.

ಲ್ಯಾಂಪ್ ಕೆಳಗೆ ಬೆಳಕು ಎಲ್ಲಾ ಕಡೆ ಸಮ ಇರಲ್ಲ, ಅದಕ್ಕೆ ಎರಡರ ಜಾಗ ಅದಲು ಬದಲು ಮಾಡಿ ಮತ್ತೆ ಅಳೀತಾರೆ. ಬೆಳಕು ಮುಚ್ಚಿ ಝೀರೋ ರೀಡಿಂಗ್ ತಗೊಂಡು ಅದನ್ನೂ ಕಳೀತಾರೆ.

ತುಂಬಾ ಮುಖ್ಯವಾದದ್ದು, ರೆಫರೆನ್ಸ್ ಕೂಡ ಅದೇ ಮಾಡೆಲ್ ಆಗಿರಬೇಕು. ಲ್ಯಾಂಪ್ ಬೆಳಕಿನಲ್ಲಿ ಬಣ್ಣಗಳ ಹಂಚಿಕೆ ಬಿಸಿಲಿನ ಥರ ಇರಲ್ಲ, ಒಂದೇ ಮಾಡೆಲ್ ಆದ್ರೆ ಅದರಿಂದಾಗೋ ತಪ್ಪು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಆಗಿ ಅನುಪಾತದಲ್ಲಿ ಹೊಡೆದುಹೋಗುತ್ತೆ. ಬೇರೆ ಮಾಡೆಲ್ ಇಟ್ಟು ಲ್ಯಾಂಪ್ ಕೆಳಗೆ ಮಾಡಿದ ಸರ್ಟಿಫಿಕೇಟ್‌ನ ನಾನಂತೂ ನಂಬಲ್ಲ.

ರೆಫರೆನ್ಸ್‌ನ ಲೆಕ್ಕ ಮಾತ್ರ ನಿಜವಾದ ಬಿಸಿಲಿಂದಲೇ ಬರೋದು, ಹಂತ ಹಂತವಾಗಿ ಸ್ವಿಟ್ಜರ್ಲೆಂಡ್‌ನ ದಾವೋಸ್‌ನಲ್ಲಿರೋ ವಿಶ್ವ ವಿಕಿರಣ ಕೇಂದ್ರದ ಉಪಕರಣಗಳವರೆಗೂ ತಾಳೆ ನೋಡಿರ್ತಾರೆ.